ಅಮ್ಮನ ತರಬೇತಿ, ನನ್ನ ಒಲೆ

ಜನವರಿ 6, ಸೋಮವಾರ

ಲಾರಿ ಓಡಿಸುವ ನನ್ನ ಗೆಳೆಯ ಮುನಿರಾಜ್ ಫೋನ್ ಮಾಡಿದ್ದ. ಗುಜರಾತಿನಲ್ಲಿ ಎಲ್ಲೋ ಇದ್ದಾನಂತೆ. ಫೋನಿನ ತುಂಬ ಲಾರಿಯ ಸದ್ದು, ಗಾಳಿಯ ಸದ್ದು.

"ನಮ್ಮ ಓನರ್ರು ಇನ್ನೊಂದು ಕಂಟೇನರ್ ಲಾರಿ ತಗಂಡವ್ರೆ. ಕ್ಲೀನರ್ ಬೇಕು. ಮಾರ್ಚ್‌ಗೆ ಬತ್ತೀಯೇನ್ಲಾ? ಒಸಿ ದಿನ ಕ್ಲೀನರ್ರು, ಆಮ್ಯಾಕೆ ಸ್ಟೀರಿಂಗು ನಿನ್ ಕೈಗೆ."

ಬತ್ತೀನಿ ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಹೊಳೆಯಿತು, ಹೋಗುವುದು ಹೇಗೆ?

ಅಮ್ಮ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಪಾನಿಪೂರಿಯ ಪೂರಿ ಕರಿಯುತ್ತಾಳೆ. ನಾನು ಅದನ್ನು ದೊಡ್ಡ ಕವರುಗಳಲ್ಲಿ ತುಂಬಿ, ಸ್ಕೂಟಿಗೆ ಕಟ್ಟಿಕೊಂಡು, ಕ್ಯಾಸಂಬಳ್ಳಿಯಿಂದ ಕೆಜಿಎಫ್, ಅಲ್ಲಿಂದ ಬಂಗಾರಪೇಟೆ ಅಂತ ಪಾನಿಪೂರಿ ಗಾಡಿಗಳಿಗೆಲ್ಲ ಹಾಕಿ ಬರುತ್ತೇನೆ. ಬಂಗಾರಪೇಟೆಯ ಪಾನಿ ನೋಡಲು ಕುಡಿಯುವ ನೀರಿನ ಹಾಗೇ ಇರುತ್ತದೆ, ನಾಲಿಗೆಗೆ ಬಿದ್ದಾಗಲೇ ಗೊತ್ತಾಗುವುದು. ಆ ಪಾನಿಪೂರಿ ತಿನ್ನಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಪೂರಿ ಕರಿದವಳು ಮಾತ್ರ ಒಂದು ದಿನವೂ ಒಂದು ಗಾಡಿಯ ಮುಂದೆ ನಿಂತವಳಲ್ಲ. ಎಲ್ಲರ ಬಾಯಲ್ಲೂ ಅದು 'ಅಂಬರೀಶನ ಪೂರಿ'. ಅಂಬರೀಶ ಅಂದರೆ ನಾನು. ಹತ್ತನೇ ಕ್ಲಾಸು ಮುಗಿದಾಗಿನಿಂದ ಇದೇ ರಸ್ತೆ, ಇದೇ ಗುಂಡಿಗಳು. ನಾನು ಕಣ್ಣು ಮುಚ್ಚಿಕೊಂಡರೂ ಸ್ಕೂಟಿ ತಾನೇ ಹೋಗಿ ತಾನೇ ಬರುತ್ತದೆ.

ಅಪ್ಪ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡವನು. ಸ್ಕೂಟಿ ಹತ್ತಲಾರ. ನಾನು ಹೋದರೆ ಪೂರಿ ಶೆಡ್ಡಿನಲ್ಲೇ ಉಳಿಯುತ್ತದೆ.

ಮನೆಯಲ್ಲಿ ಹೇಳಿಲ್ಲ. ಹೇಳುವುದೂ ಇಲ್ಲ.

ಜನವರಿ 9, ಗುರುವಾರ

ದಾರಿ ಸಿಕ್ಕಿತು!

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಕುಪ್ಪುಸ್ವಾಮಿಯ ಪಾನಿಪೂರಿ ಗಾಡಿಗೆ ಕವರ್ ಇಳಿಸುತ್ತಿದ್ದಾಗ ಎದುರು ಗೋಡೆಯ ಮೇಲೆ ಪೋಸ್ಟರ್ ಕಂಡೆ. ಸಣ್ಣ ವ್ಯಾಪಾರ ಮಾಡುವ ಹೆಂಗಸರಿಗೆ ತರಬೇತಿ. ಮಂಗಳವಾರ, ಗುರುವಾರ. ಮಧ್ಯಾಹ್ನದ ಊಟ ಅವರದೇ. ಗಿರಾಕಿ ಹತ್ತಿರ ಮಾತಾಡುವುದು, ಸರಕು ಮಾರುವುದು ಎಲ್ಲ ಹೇಳಿಕೊಡುತ್ತಾರಂತೆ. ಅಮ್ಮ ಮಾರುವುದು ಕಲಿತುಬಿಟ್ಟರೆ ನಾನು ಲಾರಿ ಹತ್ತಬಹುದು.

ಮನೆಗೆ ಬಂದು ಹೇಳಿದರೆ ಅಮ್ಮ ತಲೆ ಕೂಡ ಎತ್ತಲಿಲ್ಲ.

"ಈ ವಯಸ್ನಾಗೆ ಬ್ಯಾಗ್ ತಗಲಾಕ್ಕಂಡು ಇಸ್ಕೂಲ್‌ಗೆ ಓಗ್ಲೇನ್ಲಾ?"

"ಇಸ್ಕೂಲಲ್ಲಮ್ಮೋ, ವ್ಯಾಪಾರದ್ದು."

"ವ್ಯಾಪಾರ ನೀನ್ ಮಾಡ್ತಿದ್ದೀಯಲ್ಲ. ಸಾಕು."

ಜಗಲಿಯಿಂದ ಅಪ್ಪ, "ಕಳಿಸ್ಲಾ ಕಳಿಸು. ಆ ಮೇಡಮ್ಮು ಒಂದೇ ದಿನಕ್ಕೆ ಇವಳನ್ನ ಬೆಂಚ್ ಮ್ಯಾಲೆ ನಿಲ್ಲಿಸ್ತಾಳೆ" ಎಂದು ನಕ್ಕ. ಅಮ್ಮ ಸೌಟು ಎತ್ತಿ ತೋರಿಸಿದಳು.

ಜನವರಿ 15, ಬುಧವಾರ

ಅಮ್ಮ ಒಪ್ಪಿದಳು. ನಿನ್ನೆ ಸಂಕ್ರಾಂತಿ. ಎಳ್ಳು ಬೀರಲು ಹೋದವಳು ಹೊತ್ತು ಮುಳುಗಿದ ಮೇಲೆ ಬಂದಳು. ಬಂದವಳು ಸುಮಾರು ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ನಾಡಿದ್ದು ಆ ತರಬೇತಿಗೆ ನನ್ನ ಬಿಟ್ಟುಬಾರ್ಲಾ" ಎಂದಳು.

ನಾನು ವಾರವಿಡೀ ಹೇಳಿದ್ದು ಕೊನೆಗೂ ತಲೆಗೆ ಹೋಯಿತು. ಮಾತಿನಲ್ಲಿ ನನ್ನನ್ನು ಸೋಲಿಸುವವರು ಈ ಊರಿನಲ್ಲಿ ಇಲ್ಲ.

ಜನವರಿ 16, ಗುರುವಾರ

ತರಬೇತಿ ಆ ಪೋಸ್ಟರಿನ ಗೋಡೆಯ ಕಟ್ಟಡದಲ್ಲೇ. ಹೆಂಗಸರು ಒಳಗೆ, ಕರೆತಂದ ಗಂಡಸರು ಹೊರಗೆ ಬೇವಿನ ಮರದ ಕೆಳಗೆ. ನಮ್ಮೂರಿನ ಕನಕಮ್ಮನೂ ಸೇರಿದ್ದಾಳೆ, ಹಪ್ಪಳ ಮಾಡುವವಳು. ಅವಳ ಗಂಡ ನನ್ನ ಪಕ್ಕ ಕೂತು ಆಕಳಿಸುತ್ತಿದ್ದ.

ಕಲಿಸುವವರು ಸುಮಿತಾ ಮೇಡಂ. ಧಾರವಾಡದ ಕಡೆಯವರು, ಗಂಡ ಇಲ್ಲಿನ ಫ್ಯಾಕ್ಟರಿಯಲ್ಲಿ. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು. "ಯಾಕ್ರೀ ಅಕ್ಕಾರ, ಹಿಂಗ ಗ್ವಾಡಿಗಿ ಅಂಟ್ಕೊಂಡು ಕುಂತ್ರ ಹ್ಯಾಂಗ? ನಿಮ್ಮ ಹೆಸರು ಹೇಳ್ರಿ, ಏನ್ ಮಾಡ್ತೀರಿ ಹೇಳ್ರಿ!"

ಅಮ್ಮನ ಸರದಿ ಬಂತು. "ನಾನು ಅಂಬರೀಶನ ತಾಯಿ" ಎಂದಳು. ಅಷ್ಟೇ.

"ಅದು ನಿಮ್ಮ ಮಗನ ಹೆಸರಾತು. ನಿಮ್ದು?"

ಒಳಗೆ ನಗು. ನಗು ತಗ್ಗುವಾಗ ಅಮ್ಮನ ದನಿ, "ಆದಿಲಕ್ಷ್ಮಿ." ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿದ್ದು ಇದೇ ಮೊದಲು ಅನಿಸಿತು.

ಕಾದು ಕಾದು ಸಾಕಾಗಿ ಕುಪ್ಪುಸ್ವಾಮಿಯ ಗಾಡಿ ಹತ್ತಿರ ಹೋದೆ. ಅಲ್ಲಿಂದ ಹಳೇ ಗಣಿಯ ಕಬ್ಬಿಣದ ಚಕ್ರ ಕಾಣುತ್ತದೆ. ಗಣಿಯ ಬಾಯಿ ಮುಚ್ಚಿ ಎಷ್ಟೋ ಕಾಲವಾಯಿತು. ಕುಪ್ಪುಸ್ವಾಮಿಯ ಅಪ್ಪ ಅದರೊಳಗೆ ಇಳಿಯುತ್ತಿದ್ದನಂತೆ.

"ಒಳಗೆ ಓದ್ರೆ ಆಳು ಕಾಣಲ್ಲ ತಂಬಿ. ಕೂಗಿದ್ರೂ ಕೇಳಲ್ಲ. ಗಂಟೆ ಒಂದೇ. ಕೆಳಗಿಂದ ಗಂಟೆ ಬಂತಾ, ಸೆರಿ, ಇದ್ದಾನೆ ಅಂತ ಅರ್ಥ."

ಕೆಳಗೆ ಇಳಿದವರಾದರೂ ಸಂಜೆಗೆ ಮೇಲೆ ಬರುತ್ತಿದ್ದರು. ನಾನು ಇಳಿದದ್ದೇ ಗೊತ್ತಾಗದ ಹಾಗೆ ಈ ಪೂರಿ ವ್ಯಾಪಾರದೊಳಗೆ ಇಳಿದಿದ್ದೇನೆ.

ಜನವರಿ 21, ಮಂಗಳವಾರ

ನನ್ನ ತಲೆಗೆ ನಾನೇ ಕಲ್ಲು ಹಾಕಿಕೊಂಡೆ.

ಅಮ್ಮ ಕನಕಮ್ಮನ ಜೊತೆ ಬಸ್ಸಿಗೆ ಹೋಗುತ್ತೇನೆ, ನೀನು ಬರಬೇಡ ಎಂದಾಗ ಖುಷಿಯಾಗಿತ್ತು. ಆಮೇಲೆ ಕೇಳಿದಳು, "ಅಂಗಾದ್ರೆ ಪೂರಿ ಯಾರ್ಲಾ ಕರೀತಾರೆ?"

ಕರಿದದ್ದು ನಾನು. ರವೆಗೆ ನೀರು ಹಾಕಿ ಕಲಸಿದೆ, ನಾದಿದೆ, ಲಟ್ಟಿಸಿದೆ, ಡಬ್ಬಿಯ ಮುಚ್ಚಳದಲ್ಲಿ ಕತ್ತರಿಸಿದೆ. ಎಣ್ಣೆಗೆ ಬಿಟ್ಟರೆ ಒಂದೂ ಉಬ್ಬಲಿಲ್ಲ. ಬಾಣಲೆಯ ತುಂಬ ಚಪ್ಪಟೆ ಬಿಲ್ಲೆಗಳು. ಶೆಡ್ಡಿಗೆ ಕಿಟಕಿಯಿಲ್ಲ. ಮೇಲೆ ತಗಡು, ಮುಂದೆ ಒಲೆ. ಬಾಗಿಲಲ್ಲಿ ಅಪ್ಪ ಕುರ್ಚಿ ಹಾಕಿಕೊಂಡು ಕೂತು, "ಇವು ಪೂರಿಯಾ, ಬಟನ್ನಾ?" ಎನ್ನುತ್ತಿದ್ದ.

ಅಮ್ಮ ಬಂದು ಉಳಿದ ಹಿಟ್ಟು ಮುಟ್ಟಿದಳು. ನನ್ನ ಕಿವಿಯ ಹಾಲೆ ಹಿಡಿದು, "ಇಂಗದೆ ನಿನ್ ಇಟ್ಟು" ಎಂದಳು. ಆಮೇಲೆ ನನ್ನ ಮೂಗಿನ ತುದಿ ಒತ್ತಿ, "ಇಂಗಿರಬೇಕು. ಗಟ್ಟಿ. ಕತ್ತರಿಸಿದ್ ಮ್ಯಾಲೆ ಒದ್ದೆ ಬಟ್ಟೆ ಮುಚ್ಚು. ಗಾಳಿ ಬಿದ್ರೆ ಉಬ್ಬಲ್ಲ."

ಲಾರಿ ಹತ್ತಬೇಕು ಅಂತ ಹೊರಟವನು ಒಲೆ ಮುಂದೆ ಬಂದು ಕೂತಿದ್ದೇನೆ.

ಜನವರಿ 30, ಗುರುವಾರ

ಮತ್ತೆ ಒಲೆ. ಮತ್ತೆ ಬೆವರು.

ಇವತ್ತು ಅರ್ಧದಷ್ಟು ಉಬ್ಬಿದವು.

ಫೆಬ್ರವರಿ 3, ಸೋಮವಾರ

ಸುಮಿತಾ ಮೇಡಂ ಹೋಂವರ್ಕ್ ಕೊಟ್ಟಿದ್ದರು. ಪ್ರತಿಯೊಬ್ಬರೂ ತಮ್ಮ ಸರಕನ್ನು ಒಂದು ಹೊಸ ಅಂಗಡಿಗೆ ತಾವೇ ಮಾರಿ ಬರಬೇಕು. ಗಂಡಸರು ಬಾಯಿ ಬಿಡುವಂತಿಲ್ಲ.

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಹೊಸ ಚಾಟ್ ಅಂಗಡಿ ಆಗಿದೆ. ಅಮ್ಮನನ್ನು ಕವರ್ ಸಮೇತ ಇಳಿಸಿ ನಾನು ರಸ್ತೆಯ ಈಚೆ ನಿಂತೆ. ಸೆರಗು ಸರಿ ಮಾಡಿಕೊಂಡು ಹೋದಳು. ಅಂಗಡಿಯವನು ಏನೋ ಕೇಳಿದ. ಇವಳು ಏನೋ ಹೇಳಿದಳು. ವಾಪಸ್ ಬಂದಳು. ಕವರ್ ಕಟ್ಟು ಬಿಚ್ಚಿರಲಿಲ್ಲ.

"ಏನಂದ?"

"ಏನಮ್ಮಾ ಬೇಕು ಅಂದ."

"ನೀನೇನಂದೆ?"

"ಏನೂ ಬ್ಯಾಡಪ್ಪ ಅಂದೆ."

ನನಗೆ ತಡೆಯಲಾಗಲಿಲ್ಲ. ರಸ್ತೆಯಲ್ಲೇ ಕೂಗಾಡಿದೆ. ಮಾರೋಕೆ ಹೋದವಳು ಏನೂ ಬ್ಯಾಡ ಅಂದ್ರೆ ಅವನು ಏನ್ ಮಾಡ್ತಾನೆ? ಇಷ್ಟು ದಿನ ಏನ್ ಕಲಿತೆ? ನಿನ್ನಿಂದ ನನ್ನ ಜನ್ಮ ಈ ಸ್ಕೂಟಿ ಮೇಲೇ ಮುಗಿತದೆ! ಜನ ನೋಡುತ್ತಿದ್ದರು. ಅಮ್ಮ ಕವರನ್ನು ಎದೆಗೆ ಅವಚಿಕೊಂಡು ನಿಂತಿದ್ದಳು, ಪೂರಿ ಮುರಿಯದ ಹಾಗೆ ಮೆಲ್ಲಗೆ.

ಮನೆಗೆ ಬಂದ ಮೇಲೆ ಕವರನ್ನು ಅವಳೇ ಶೆಡ್ಡಿನೊಳಗೆ ಇಟ್ಟು ಬಂದಳು.

ಫೆಬ್ರವರಿ 4, ಮಂಗಳವಾರ

ಇವತ್ತು ತರಬೇತಿಗೆ ಹೋಗುವುದಿಲ್ಲವೇನೋ ಅಂದುಕೊಂಡೆ. ನಾನು ಏಳುವ ಮೊದಲೇ ಬಸ್ಸಿಗೆ ಹೋಗಿದ್ದಳು. ನನ್ನ ಪಾಲಿನ ರವೆ ಅಳೆದಿಟ್ಟಿದ್ದಳು.

ಸಂಜೆ ಕನಕಮ್ಮ ಬಂದು ನಡೆದದ್ದು ಹೇಳಿದಳು. ಅಮ್ಮ ಎಲ್ಲರ ಮುಂದೆ ತಾನೇ ಎದ್ದು ನಿಂತು, ಅಂಗಡಿಯವನು ಹೀಗೆ ಕೇಳಿದ, ನಾನು ಹೀಗೆ ಹೇಳಿ ಬಂದೆ ಅಂತ ಹೇಳಿದಳಂತೆ. ಯಾರೂ ನಗಲಿಲ್ಲವಂತೆ. "ನಗೋದೇನ್ಲಾ? ನಾನೂ ಅಪ್ಪಳ ತಗಂಡು ಓಗಿ ಅಂಗೇ ಬಂದಿದ್ದೆ. ಏನಮ್ಮಾ ಬೇಕು ಅಂದ್ರೆ ಬ್ಯಾಡ ಅನ್ನೋದೇ ನಮಗೆ ಕಲಿಸವ್ರೆ ಉಟ್ಟಿದಾಗ್ನಿಂದ."

ಮೇಡಂ ತಾವೇ ಅಂಗಡಿಯವರಂತೆ ನಿಂತು ಮಧ್ಯಾಹ್ನವಿಡೀ ಎಲ್ಲರನ್ನೂ ಗದರಿಸಿದರಂತೆ, ಏನ್ ಬೇಕವ್ವಾ, ಏನ್ ಬೇಕು ಅಂತ. "ದಂಧೆ ಮಾಡೋರು ಹೆದರಬಾರದ್ರಿ" ಅಂದರಂತೆ. ಅವರ ಕಡೆ ದಂಧೆ ಅಂದರೆ ವ್ಯಾಪಾರ, ನಮ್ಮ ಕಡೆ ಕೆಟ್ಟ ಮಾತು. ಅಮ್ಮ ಅದಕ್ಕೆ ಅವರನ್ನೇ ಗದರಿಸಿದಳಂತೆ: "ಮೇಡಂ, ನಾವು ಪೂರಿ ಮಾರೋರು, ಬಾಯಿ ಬಿಗಿಯಿರ್ಲಿ."

ಫೆಬ್ರವರಿ 7, ಶುಕ್ರವಾರ

ಅದೇ ಅಂಗಡಿ. ನಾನು ಈಚೆ, ಅಮ್ಮ ಆಚೆ. ಈ ಸಲ ಅವನು ಬಾಯಿ ತೆರೆಯುವ ಮೊದಲೇ ಕವರ್ ಬಿಚ್ಚಿ ಒಂದು ಪೂರಿ ಅವನ ಕೈಗಿಟ್ಟಳು. ಅವನು ತಿಂದ. ಇನ್ನೊಂದಕ್ಕೆ ಕೈ ಹಾಕಿದ. ಅಮ್ಮ ಕವರ್ ಹಿಂದಕ್ಕೆ ಎಳೆದುಕೊಂಡಳು!

ಬಂದು ಗಾಡಿ ಹತ್ತುತ್ತಾ, "ದಿನಾ ಆಕು ಅಂದ" ಎಂದಳು. ಆಮೇಲೆ, "ಯಾರ್ ಮಾಡಿದ್ದು ಅಂತ ಕೇಳಿದ. ನಾನು, ನನ್ ಮಗ ಅಂದೆ."

ಆ ಕವರಿನಲ್ಲಿದ್ದದ್ದು ನಾನು ಕರಿದ ಪೂರಿ.

ಫೆಬ್ರವರಿ 12, ಬುಧವಾರ

ಆ ಅಂಗಡಿ, ಅದರ ಪಕ್ಕದ ಅಂಗಡಿ, ಕೆಜಿಎಫ್‌ನಲ್ಲಿ ಮತ್ತೊಂದು. ಅಮ್ಮ ಹುಡುಕಿಕೊಂಡು ಬರುತ್ತಾಳೆ, ನಾನು ಕರಿಯುತ್ತೇನೆ. ಮೊದಲು ಪೂರಿ ಹಾಕಲು ಹೋದಾಗಲಾದರೂ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಈಗ ಅದೂ ಕಡಿಮೆ, ಸಂಜೆ ಒಂದು ಸುತ್ತು ಮಾತ್ರ. ತಗಡು, ಹೊಗೆ, ಎಣ್ಣೆ. ಮೈಯೆಲ್ಲ ಎಣ್ಣೆಯ ವಾಸನೆ, ಸೋಪು ಹಾಕಿದರೂ ಹೋಗುವುದಿಲ್ಲ.

ಮುಂಜಾನೆಯ ಹಿಟ್ಟಿಗೆ ಸ್ವಲ್ಪ ಬಿಸಿನೀರು ಹಾಕಿದರೆ ಒಳ್ಳೆಯದು. ಚಳಿಗೆ ರವೆ ಬೇಗ ನೆನೆಯುವುದಿಲ್ಲ. ಇದನ್ನು ಅಮ್ಮ ಹೇಳಿಕೊಟ್ಟದ್ದಲ್ಲ, ನಾನೇ ನೋಡಿದ್ದು.

ಮುನಿರಾಜ್ ಫೋನ್ ಮಾಡಿದ. ಮಾರ್ಚ್ ಒಂದಕ್ಕೆ ಕೋಲಾರದ ಹೈವೇಯಲ್ಲಿ ಹತ್ತಿಸಿಕೊಳ್ಳುತ್ತಾನಂತೆ. ಬಾಣಲೆಯಲ್ಲಿ ಪೂರಿ ಇತ್ತು, ಆಮೇಲೆ ಮಾಡ್ತೀನಿ ಕಣ್ಲಾ ಎಂದು ಇಟ್ಟೆ.

ಫೆಬ್ರವರಿ 16, ಭಾನುವಾರ

ಅಮ್ಮ ಸ್ಕೂಟಿ ಕಲಿಯುತ್ತೇನೆ ಎಂದಳು. ಕೆರೆಯ ಪಕ್ಕದ ಬಯಲಿಗೆ ಕರೆದುಕೊಂಡು ಹೋದೆ.

ನಾನು ಹಿಂದೆ ಹಿಡಿದುಕೊಂಡು ಓಡಬೇಕು. ಬಿಟ್ಟೆನೋ ಹಿಡಿದೆನೋ ಅಂತ ಅವಳು ಹಿಂದಕ್ಕೆ ತಿರುಗುತ್ತಾಳೆ. ತಿರುಗಿದ ಕಡೆಗೇ ಗಾಡಿ ಹೋಗುತ್ತದೆ. ಒಂದು ಸಲ ರಾಗಿ ಹುಲ್ಲಿನ ಮೆದೆಯೊಳಕ್ಕೆ ನುಗ್ಗಿದಳು. ಇನ್ನೊಂದು ಸಲ ಬೇಲಿ.

"ಇಂದಕ್ಕೆ ತಿರುಗ್ಬ್ಯಾಡಮ್ಮೋ! ಏನಾದ್ರೂ ಆಗ್ಲಿ, ಮುಂದೆ ನೋಡು!"

"ನೀನಿದ್ದೀಯೋ ಇಲ್ವೋ ಅಂತ ಎಂಗ್ಲಾ ಗೊತ್ತಾಗ್ತದೆ?"

"ಇದ್ದೀನಿ ಅಂದ್ಕೋ!"

ಹಾರನ್ ಹೊಡೆ ಎಂದರೆ ಹೊಡೆಯುವುದಿಲ್ಲ. "ಪಾಪ, ಅವರ ಪಾಡಿಗೆ ಅವರು ಓಗ್ತಾವ್ರೆ, ಬೆನ್ನಿಂದೆ ಕಿರುಚೋದೇನ್ಲಾ?" ಎನ್ನುತ್ತಾಳೆ. ಮುಂದೆ ಒಬ್ಬ ಮುದುಕ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಇವಳು ಗಾಡಿ ನಿಲ್ಲಿಸಿ, "ಅಣ್ಣಾ, ಒಸಿ ಪಕ್ಕಕ್ಕೆ ಬತ್ತೀರಾ?" ಎಂದಳು. ಅವನು ಕುರಿಗಳ ಸಮೇತ ನಿಂತು, ನಮ್ಮ ಊರಿನ ಸಮಾಚಾರವೆಲ್ಲ ಕೇಳಿ, ಆಮೇಲೆ ಪಕ್ಕಕ್ಕೆ ಹೋದ.

ಫೆಬ್ರವರಿ 20, ಗುರುವಾರ

ಅಮ್ಮ ಒಬ್ಬಳೇ ಸ್ಕೂಟಿಯಲ್ಲಿ ಕವರ್ ಕಟ್ಟಿಕೊಂಡು ಹೋಗಿ ಬಂದಳು. ಊರಿನ ಬಾಗಿಲಲ್ಲೆಲ್ಲ ಜನ. ಅಪ್ಪ ಅವಳು ಬರುವವರೆಗೂ ಜಗಲಿ ಬಿಟ್ಟು ಏಳಲಿಲ್ಲ. ಬಂದ ಮೇಲೆ, "ಗಾಡಿಗೇನೂ ಆಗಿಲ್ಲ ತಾನೇ?" ಎಂದ.

ಅಮ್ಮ ಕನಕಮ್ಮನ ಸೊಸೆ ಕಲಾಳನ್ನು ಪೂರಿ ಕರಿಯಲು ಕೂಲಿಗೆ ಕರೆದಿದ್ದಾಳೆ. ನಾಳೆಯಿಂದ ಬರುತ್ತಾಳಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಒಳ್ಳೆಯದೇ ಆಯಿತು. ಇನ್ನು ನನ್ನನ್ನು ಹಿಡಿಯುವವರು ಯಾರು?

ಫೆಬ್ರವರಿ 22, ಶನಿವಾರ

ಕಲಾಳಿಗೆ ಕೈ ಬರುವುದಿಲ್ಲ. ಒದ್ದೆ ಬಟ್ಟೆಯನ್ನು ಹಿಂಡದೆ ಮುಚ್ಚುತ್ತಾಳೆ, ನೀರು ಇಳಿದು ಪೂರಿಗೆ ಗುಳ್ಳೆ ಬರುತ್ತದೆ. ಹೇಳಿದರೆ, "ನೀನ್ ಯಾವಾಗ್ಲಿಂದ ಅಡುಗೆ ಭಟ್ಟ ಆದೆ ಅಂಬರೀಶಣ್ಣ?" ಎಂದು ನಗುತ್ತಾಳೆ.

ಇವಳನ್ನು ನಂಬಿ ಬಿಟ್ಟು ಹೋಗುವುದು ಹೇಗೆ? ಇನ್ನೊಂದು ತಿಂಗಳಾದರೂ ಬೇಕು. ಮುನಿರಾಜನಿಗೆ ಹೇಳಬೇಕು.

ಫೆಬ್ರವರಿ 25, ಮಂಗಳವಾರ

ಹೇಳಿದೆ. ಮುನಿರಾಜ್ ಬೈದ. "ಮೊದ್ಲು ಬತ್ತೀನಿ ಅಂದೆ. ಈಗ ಯಾವಳೋ ಕಲಾ ಬಟ್ಟೆ ಇಂಡಲ್ಲ ಅಂತೀಯ. ಒಂದನೇ ತಾರೀಖು ಬರ್ದಿದ್ರೆ ಓನರ್ರು ಬೇರೆಯವ್ರನ್ನ ತಗಂತಾರೆ ಕಣ್ಲಾ."

ಅವನಿಗೇನು ಗೊತ್ತು. ಇಲ್ಲಿ ಕೆಲಸ ಬೆಳೆದಿದೆ. ಸ್ಟೇಷನ್ ರಸ್ತೆಯ ಅಂಗಡಿಯವನು ಶಿವರಾತ್ರಿಗೆ ಹೆಚ್ಚು ಕೇಳಿದ್ದಾನೆ. ಈ ಮನೆ ನನ್ನನ್ನು ಬಿಡುವುದಿಲ್ಲ.

ಫೆಬ್ರವರಿ 27, ಗುರುವಾರ

ಶಿವರಾತ್ರಿಯ ಪೂರಿ ಎಲ್ಲ ಖಾಲಿ. ಕಲಾಳೇ ಹೆಚ್ಚು ಕರಿದಳು. ಉಬ್ಬಿದ್ದವು.

ತರಬೇತಿ ಇವತ್ತಿಗೆ ಮುಗಿಯಿತು. ಎಲ್ಲರಿಗೂ ಒಂದೊಂದು ಸಸಿ ಕೊಟ್ಟಿದ್ದಾರೆ. ಅಮ್ಮ ಕರಿಬೇವಿನ ಸಸಿಯನ್ನು ಶೆಡ್ಡಿನ ಪಕ್ಕ ನೆಟ್ಟು, ಕೈ ತೊಳೆಯುತ್ತಾ ಕೇಳಿದಳು:

"ಶನಿವಾರ ಎಷ್ಟೊತ್ತಿಗ್ಲಾ ಓಗ್ಬೇಕು?"

"ಎಲ್ಲಿಗೆ?"

"ಲಾರಿಗೆ."

"ಯಾರ್ ಏಳಿದ್ರು?"

"ಮುನಿರಾಜನ ತಾಯಿ. ಚಿಕ್ಕವೆಂಕಟಮ್ಮ."

"ಯಾವಾಗ?"

"ಸಂಕ್ರಾಂತೀಲಿ. ಎಳ್ಳು ಕೊಡಾಕೆ ಓಗಿದ್ನಲ್ಲ."

ಸಂಕ್ರಾಂತಿಯಲ್ಲಿ! ಕಲಾ ಇನ್ನೂ ಕಲಿತಿಲ್ಲ, ಅಪ್ಪನ ಮಾತ್ರೆ ತರುವವರು ಯಾರು, ಸ್ಕೂಟಿಗೆ ಸರ್ವಿಸ್ ಆಗಿಲ್ಲ, ಬ್ರೇಕ್ ಸಡಿಲ ಇದೆ ಅಂತೆಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಏನಪ್ಪಾ ಬೇಕು ಅಂದ್ರೆ ಏನೂ ಬ್ಯಾಡ ಅಂತಿದ್ದೀಯಲ್ಲಾ" ಎಂದಳು. "ನನ್ ತರಾನೇ."

ಫೆಬ್ರವರಿ 28, ಶುಕ್ರವಾರ

ಬ್ರೇಕ್ ಸರಿ ಮಾಡಿಸಿದೆ.

ಅಪ್ಪ ತನ್ನ ಹಳೇ ಸ್ವೆಟರ್ ಕೊಟ್ಟ. ಗುಜರಾತಿನಲ್ಲಿ ಚಳಿಯೋ ಸೆಕೆಯೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮಾರ್ಚ್ 1, ಶನಿವಾರ. ಕೋಲಾರದ ಬಸ್ಸಿನಲ್ಲಿ

ಅಮ್ಮನೇ ಬಂಗಾರಪೇಟೆಯವರೆಗೆ ಬಿಟ್ಟಳು. ಇಷ್ಟು ವರ್ಷ ಪೂರಿಯ ಕವರ್ ಕಟ್ಟುತ್ತಿದ್ದ ಜಾಗದಲ್ಲಿ ನಾನು ಕೂತಿದ್ದೆ, ತೊಡೆಯ ಮೇಲೆ ಬ್ಯಾಗು. ಹಿಂದೆ ಕೂತು ನೋಡಿದರೆ ಆ ರಸ್ತೆ ಬೇರೆಯೇ ಥರ ಇದೆ. ಗುಂಡಿ ಇದೆ ಎಂದು ನಾನು ಹೇಳುವ ಮೊದಲೇ ಅವಳು ಪಕ್ಕಕ್ಕೆ ತೆಗೆದುಕೊಳ್ಳುತ್ತಿದ್ದಳು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವಳ ಸೆರಗಿನ ತುದಿ ಹಿಡಿದುಕೊಂಡೆ, ಅದು ಚಕ್ರಕ್ಕೆ ಸಿಕ್ಕಬಾರದಲ್ಲ.

ಬಸ್ ಸ್ಟಾಂಡಿನಲ್ಲಿ ಗಾಡಿ ನಿಲ್ಲಿಸಿ, "ಇಳಿ. ಲೇಟಾಯ್ತದೆ. ಆ ಅಂಗಡಿಯವನು ಕಾಯ್ತಿರ್ತಾನೆ" ಎಂದಳು.

"ಕಲಾಗೆ ಏಳು. ಬಟ್ಟೆ ಚೆನ್ನಾಗಿ ಇಂಡಬೇಕು."

"ಏಳ್ತೀನಿ."

"ಬೆಳಿಗ್ಗೆ ಇಟ್ಟಿಗೆ ಒಸಿ ಬಿಸಿನೀರು."

"ಊಂ."

"ಇಟ್ಟು ಮಾತ್ರ..."

ಅಮ್ಮ ಕೈ ಚಾಚಿ ನನ್ನ ಮೂಗಿನ ತುದಿ ಒತ್ತಿದಳು. "ಇನ್ನಾ ಮೆತ್ತಗದೆ" ಎಂದಳು. "ಓಗು."

ಗಾಡಿ ಸ್ಟಾರ್ಟ್ ಮಾಡಿ ಹೊರಟಳು. ಒಂದು ಸಲ ತಿರುಗಿ ನೋಡುತ್ತಾಳೆ ಅಂತ ನಾನು ಅಲ್ಲೇ ನಿಂತೆ. ಆಟೋಗಳ ಪಕ್ಕ ಹೋದಳು, ಹೂವಿನವಳನ್ನು ದಾಟಿದಳು, ನೋಡಲಿಲ್ಲ. ಕುತ್ತಿಗೆ ಬಿಗಿಯಾಗಿ ಮುಂದಕ್ಕೇ ಇತ್ತು. ಹಿಂದಕ್ಕೆ ತಿರುಗಬೇಡ ಎಂದು ಆ ಬಯಲಿನಲ್ಲಿ ಕೂಗಿಕೊಂಡವನು ನಾನೇ.

ಬಸ್ಸಿನವನು "ಹತ್ತಪ್ಪಾ, ಹತ್ತು" ಎಂದ. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ.

ರಸ್ತೆ ತಿರುಗುವಲ್ಲಿ ಅವಳ ಮುಂದೆ ಯಾರೂ ಇರಲಿಲ್ಲ. ಒಂದು ಆಟೋ ಇಲ್ಲ, ಒಂದು ಕುರಿ ಇಲ್ಲ. ಆದರೂ ನಮ್ಮ ಸ್ಕೂಟಿಯ ಹಾರನ್ ಕೇಳಿಸಿತು. ಸ್ವಲ್ಪ ಬಿಟ್ಟು, ತಿರುವಿನ ಆಚೆಯಿಂದ, ಇನ್ನೊಂದು ಸಲ.